ಟಿನ್‌ನಲ್ಲಿದ್ದ ಹೂವಿನ ಘಮ ಪೈಪ್ ಹಚ್ಚಿದ ಮೇಲೆ ಎಲ್ಲಿ ಹೋಗುತ್ತೆ?

ಪ್ರಶ್ನೆ: ಮೊದಲನೇ ಸಲ ಒಂದು ಮೈಲ್ಡ್ ಫ್ಲೋರಲ್ ಅರೋಮ್ಯಾಟಿಕ್ (ಹೂವಿನ ಘಮ ಸೇರಿಸಿದ) ಪೈಪ್ ತಂಬಾಕು ತಗೊಂಡೆ. ಟಿನ್ ತೆಗೆದ ಕೂಡ್ಲೇ ಗುಲಾಬಿ, ಲ್ಯಾವೆಂಡರ್ ತರ ಘಮ್ ಅಂತು. ಆದ್ರೆ ಹಚ್ಚಿದ ಮೇಲೆ ಮೊದಲ ಐದಾರು ಪಫ್ ಬಿಟ್ರೆ ಬರೀ ಬಿಸಿ ಹೊಗೆ, ನಡುವೆ ಸ್ವಲ್ಪ ಸೋಪಿನ ತರ ಅನ್ನಿಸ್ತು, ಅರ್ಧ ಬೌಲ್ (ಪೈಪ್‌ನಲ್ಲಿ ತಂಬಾಕು ತುಂಬೋ ಬಟ್ಟಲು) ಆಗೋ ಹೊತ್ತಿಗೆ ನಾಲಿಗೆ ಚುರುಚುರು. ಅದೇ ಹೊತ್ತಲ್ಲಿ ರೂಮಿಗೆ ಬಂದವರು ಎಷ್ಟು ಒಳ್ಳೆ ವಾಸನೆ ಅಂದ್ರು. ತಪ್ಪು ನನ್ನ ನಾಲಿಗೇದಾ, ತಂಬಾಕಿಂದಾ? ಇಂಥದ್ರ ರುಚಿ ನೋಡೋದು, ಬರೆದಿಡೋದು ಹೇಗೆ?

ಉತ್ತರ: ನಿಮ್ಮ ನಾಲಿಗೇದು ತಪ್ಪಿಲ್ಲ, ತಂಬಾಕಿಂದೂ ತಪ್ಪು ಇರೋ ಹಾಗೆ ಕಾಣಲ್ಲ. ನೀವು ಹೂವನ್ನ ಬಾಯಲ್ಲಿ ಹುಡುಕ್ತಾ ಇದೀರಿ, ಅದು ಇರೋದು ಮೂಗಲ್ಲಿ. ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ ಇಷ್ಟೇ, ಇದರ ಜೊತೆಗೆ ಉರಿ, ಒಗರು, ತಂಪು ಅಂತ ಮುಟ್ಟಿದ ಹಾಗೆ ತಿಳಿಯೋ ಒಂದಷ್ಟು ಸಂಗತಿಗಳು. ಗುಲಾಬಿ ಅನ್ನೋ ರುಚಿ ನಾಲಿಗೆ ಮೇಲೆ ಇಲ್ವೇ ಇಲ್ಲ, ನಾವು ಗುಲಾಬಿ ರುಚಿ ಅಂತ ಕರೆಯೋದೆಲ್ಲ ಗಂಟಲ ಹಿಂದಿನಿಂದ ಮೂಗಿಗೆ ಏರಿದ ವಾಸನೆ. ನೆಗಡಿ ಬಂದಾಗ ಊಟ ಸಪ್ಪೆ ಅನ್ನಿಸೋದು ಇದಕ್ಕೇ. ವೆನಿಲ್ಲಾ, ಚೆರ್ರಿ ಹಾಕಿದ ಅರೋಮ್ಯಾಟಿಕ್‌ಗಳಲ್ಲಿ ಈ ವ್ಯತ್ಯಾಸ ಅಷ್ಟು ಕಾಡಲ್ಲ, ಯಾಕಂದ್ರೆ ಅವುಗಳ ಜೊತೆ ಹಾಕೋ ಸಕ್ಕರೆ ಸಿಹಿ ತುಟಿಗೆ, ನಾಲಿಗೆಗೆ ಸ್ವಲ್ಪ ತಾಗುತ್ತೆ, ಮಿದುಳು ಆ ಸಿಹಿ ಹಿಡ್ಕೊಂಡು ಬಾಕಿ ರುಚೀನ ತಾನೇ ಜೋಡಿಸ್ಕೊಳ್ಳುತ್ತೆ. ಹೂವಿಗೆ ಆ ಊರುಗೋಲು ಇಲ್ಲ.

ಅದಕ್ಕೇ ಮೊದಲು ಕಲೀಬೇಕಾದ್ದು ರೆಟ್ರೋಹೇಲ್. ಹೊಗೆನ ಎದೆಗೆ ಎಳ್ಕೊಳ್ಳೋದಲ್ಲ ಇದು, ಆ ತಪ್ಪು ಮಾಡ್ಬೇಡಿ. ಬಾಯಲ್ಲಿ ತುಂಬಿದ ಹೊಗೇಲಿ ಮುಕ್ಕಾಲು ಪಾಲು ಬಾಯಿಂದಲೇ ಬಿಟ್ಟುಬಿಡಿ, ಉಳಿದ ಚೂರನ್ನ ಬಾಯಿ ಮುಚ್ಚಿ, ಹಾಡು ಗುನುಗುವಾಗ ಉಸಿರು ಮೂಗಿಂದ ಹೋಗುತ್ತಲ್ಲ ಆ ಥರ ಮೆತ್ತಗೆ ಮೂಗಿಂದ ಹೊರಗೆ ಬಿಡಿ. ಜಾಸ್ತಿ ಹೊಗೆ ಬಿಟ್ರೆ ಮೂಗು ಉರಿದು ಕಣ್ಣಲ್ಲಿ ನೀರು ಬರುತ್ತೆ, ಇನ್ನೇನೂ ತಿಳಿಯಲ್ಲ. ಪ್ರತಿ ಪಫ್‌ಗೂ ಬೇಡ, ಆಗಾಗ ಒಂದು ಸಲ ಸಾಕು. ಇದನ್ನ ಮಾಡದೇ ಫ್ಲೋರಲ್ ತಂಬಾಕಿನ ಬಗ್ಗೆ ಅಭಿಪ್ರಾಯ ಹೇಳೋರ ಮಾತಿಗೆ ನಾನು ಬೆಲೆ ಕೊಡಲ್ಲ, ಯಾಕಂದ್ರೆ ಅವರು ಆ ತಂಬಾಕಿನ ಅರ್ಧ ಭಾಗ ನೋಡೇ ಇಲ್ಲ.

ಇನ್ನು ಐದಾರು ಪಫ್ ಆದ್ಮೇಲೆ ಘಮ ಮಾಯ ಆಯ್ತು ಅಂದ್ರಲ್ಲ, ಅದರ ಕಾರಣ ತಿಳ್ಕೊಂಡ್ರೆ ಸೇದೋ ರೀತೀನೇ ಬದಲಾಗುತ್ತೆ. ಪೈಪ್ ತಂಬಾಕಿಗೆ ರುಚಿ ಸೇರಿಸೋದು ಸಾಮಾನ್ಯವಾಗಿ ಎರಡು ಹಂತದಲ್ಲಿ. ಎಲೆ ಕತ್ತರಿಸೋಕೆ ಮುಂಚೆ ಸಕ್ಕರೆ, ಲಿಕರಿಸ್ (ಜೇಷ್ಠಮಧು), ಕೋಕೋ ಇಂಥವನ್ನ ದ್ರವದ ರೂಪದಲ್ಲಿ ಎಲೆಗೆ ಕುಡಿಸ್ತಾರೆ, ಅದು ಕೇಸಿಂಗ್. ಕತ್ತರಿಸಿ ಒಣಗಿಸಿ ಎಲ್ಲ ಮುಗಿದ ಮೇಲೆ ಕೊನೇಲಿ ಮೇಲಿಂದ ಸಿಂಪಡಿಸೋದು ಟಾಪಿಂಗ್. ಹೂವಿನ ಘಮ ಬರೋದು ಹೆಚ್ಚಾಗಿ ಈ ಟಾಪಿಂಗ್‌ನಿಂದ, ಅಂದ್ರೆ ಅದು ಎಲೆಯ ಮೇಲ್ಮೈಲಿ ಕೂತಿರುತ್ತೆ. ಮೇಲಾಗಿ ಅದು ಬೇಗ ಹಾರಿಹೋಗೋ ಸರಕು. ಲ್ಯಾವೆಂಡರ್ ವಾಸನೆ ಕೊಡೋ ಲಿನಲೂಲ್ ಕುದಿಯೋದು ಸುಮಾರು 198 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗುಲಾಬಿ ಮತ್ತೆ ಜೆರೇನಿಯಂ ವಾಸನೆಯ ಜೆರಾನಿಯೋಲ್ ಸುಮಾರು 230ರಲ್ಲಿ. ಅದೇ ವೆನಿಲ್ಲಾದ ವೆನಿಲಿನ್ 285ರ ಹತ್ತಿರ, ಟೊಂಕಾ ಬೀಜದ ಕೂಮರಿನ್ 300ರ ಹತ್ತಿರ. ಬೌಲ್ ಒಳಗೆ ಕೆಂಡ ಇರೋದು ಮೇಲುಗಡೆ ಒಂದು ಪದರದಲ್ಲಿ ಮಾತ್ರ, ಆದ್ರೆ ನೀವು ಎಳೆದಾಗ ಆ ಬಿಸಿ ಗಾಳಿ ಕೆಳಗಿನ ಹಸಿ ತಂಬಾಕಿನ ಮೂಲಕವೇ ಹಾದು ಬರ್ಬೇಕು, ಬರ್ತಾ ಬರ್ತಾ ಅದರಲ್ಲಿರೋ ಹಗುರ ವಾಸನೆಗಳನ್ನ ಹೊತ್ಕೊಂಡು ಬರುತ್ತೆ. ಜೋರಾಗಿ ಎಳೆದ್ರೆ ಇಡೀ ಬೌಲ್‌ನ ಹೂವು ಮೊದಲ ಐದು ನಿಮಿಷದಲ್ಲೇ ಖಾಲಿ, ಆಮೇಲೆ ಉಳಿಯೋದು ಟೊಂಕಾ, ವೆನಿಲ್ಲಾ, ಎಲೆ, ಬಿಸಿ. ನಿಧಾನಕ್ಕೆ ಸೇದಿದ್ರೆ ಅದೇ ಹೂವು ಅರ್ಧ ಬೌಲ್ ತನಕ ಚೂರು ಚೂರಾಗಿ ಬರ್ತಾ ಇರುತ್ತೆ. ನಿಮಗೆ ಆಗಿರೋದು ಇದೇ ಅಂತ ನನಗೆ ಸಾಕಷ್ಟು ಖಾತ್ರಿ ಇದೆ, ಯಾಕಂದ್ರೆ ನಾಲಿಗೆ ಚುರುಗುಟ್ಟೋದೂ ಅದೇ ಅವಸರದಿಂದ.

ಎಲ್ಲಾ ಹೂವೂ ಬಾಟ್ಲಿಯಿಂದ ಬಂದಿದ್ದಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ, ಇದು ನನಗೆ ತುಂಬಾ ಇಷ್ಟದ ವಿಷಯ. ತಂಬಾಕಿನ ಎಲೆ ಹಣ್ಣಾಗಿ ಒಣಗೋವಾಗ ಅದರ ಹಳದಿ ಬಣ್ಣದ ಕ್ಯಾರೋಟಿನಾಯ್ಡ್‌ಗಳು ಒಡೆದು ಡಮಾಸ್ಕೆನೋನ್, ಅಯನೋನ್ ಅಂತ ವಾಸನೆ ವಸ್ತುಗಳಾಗ್ತವೆ. ಡಮಾಸ್ಕೆನೋನ್ ಗುಲಾಬಿ ಎಣ್ಣೆಯ ಘಮದಲ್ಲೂ ಮುಖ್ಯ ಪಾತ್ರ ವಹಿಸುತ್ತೆ, ಅಯನೋನ್ ಅಂದ್ರೆ ವಯೊಲೆಟ್ ಹೂವಿನ ವಾಸನೆ. ಹಾಗಾಗಿ ಏನೂ ಬೆರೆಸದ ಒಳ್ಳೆ ವರ್ಜೀನಿಯಾ ಜಾತಿಯ ತಂಬಾಕಿನ ಎಲೆಯಲ್ಲೂ ಒಣಹುಲ್ಲು, ನಿಂಬೆ ಸಿಪ್ಪೆ ಜೊತೆಗೆ ಒಂದು ತೆಳು ಹೂವಿನ ಎಳೆ ಇದ್ದೇ ಇರುತ್ತೆ. ಜಾಣ ಬ್ಲೆಂಡರ್, ಅಂದ್ರೆ ಎಲೆಗಳನ್ನ ಬೆರೆಸಿ ತಂಬಾಕು ತಯಾರಿಸೋನು, ಮಾಡೋದು ಈ ಎಳೆಗೆ ಹೊಂದೋ ಟಾಪಿಂಗ್ ಹಾಕಿ ಅದನ್ನ ಸ್ವಲ್ಪ ಮುಂದಕ್ಕೆ ತರೋದು. ಸೋಮಾರಿ ಬ್ಲೆಂಡರ್ ರುಚಿಯೇ ಇಲ್ಲದ ಎಲೆ ತಗೊಂಡು ಮೇಲೆ ಅತ್ತರು ಸುರೀತಾನೆ. ಎರಡೂ ಟಿನ್‌ನಲ್ಲಿ ಒಂದೇ ಥರ ಘಮಘಮ ಅಂತವೆ, ವ್ಯತ್ಯಾಸ ಗೊತ್ತಾಗೋದು ಬೌಲ್‌ನ ಎರಡನೇ ಅರ್ಧದಲ್ಲಿ. ಹೂವು ಹೋದ ಮೇಲೆ ಕೆಳಗೆ ಏನಾದ್ರೂ ಇದ್ಯಾ? ಇಂಥ ತಂಬಾಕನ್ನ ನಾನು ಅಳೆಯೋದು ಇದೊಂದೇ ಪ್ರಶ್ನೆ ಇಟ್ಕೊಂಡು.

ಸೋಪಿನ ವಿಚಾರ. ಇದು ನಿಮ್ಮೊಬ್ಬರ ಅನುಭವ ಅಲ್ಲ, ಹೂವಿನ ತಂಬಾಕು ಮೊದಲ ಸಲ ಸೇದಿದ ಬಹಳಷ್ಟು ಜನ ಹೇಳೋ ಮಾತು. ಲಿನಲೂಲ್, ಜೆರಾನಿಯೋಲ್, ಕೂಮರಿನ್, ಅಯನೋನ್ ಇವೆಲ್ಲ ಸೋಪು, ಪೌಡರು, ಸೆಂಟುಗಳಲ್ಲಿ ಬಳಸೋ ವಸ್ತುಗಳೇ. ನಿಮ್ಮ ಮೂಗು ಅವನ್ನ ಚಿಕ್ಕಂದಿನಿಂದ ಬಚ್ಚಲುಮನೆ ಜೊತೆ ಜೋಡಿಸಿ ಇಟ್ಕೊಂಡಿದೆ, ಬಾಯಲ್ಲಿ ಸಿಕ್ಕ ಕೂಡ್ಲೇ ಸೋಪು ಅಂತ ಕೂಗುತ್ತೆ. ಕೆಲವು ಬೌಲ್ ಆದ್ಮೇಲೆ ಈ ಜೋಡಣೆ ಸಡಿಲ ಆಗಿ ಅದೇ ವಾಸನೆ ಹೂವು ಅಂತಲೇ ತಿಳಿಯೋಕೆ ಶುರುವಾಗುತ್ತೆ, ಕೆಲವರಿಗೆ ಮಾತ್ರ ಎಂದೂ ಆಗಲ್ಲ, ಅಂಥವರು ಬಲವಂತ ಮಾಡ್ಕೊಳ್ಳೋದು ಬೇಡ. ಈ ಸೋಪಿನ ಗುಣ ಅತಿಯಾಗಿ ಇರೋದು ಇಂಗ್ಲೆಂಡಿನ ಲೇಕ್‌ಲ್ಯಾಂಡ್ ಶೈಲೀಲಿ. ಅಲ್ಲಿನ ಕೆಂಡಲ್ ಪಟ್ಟಣದಲ್ಲಿ ನಶ್ಯ, ಪೈಪ್ ತಂಬಾಕು ಮಾಡೋ ಹಳೇ ಪರಂಪರೆ ಇದೆ, ಸ್ಯಾಮ್ಯುಯೆಲ್ ಗಾವಿತ್ ಅನ್ನೋ ತಂಬಾಕು ಕಂಪನಿ ಹೆಸರು ತನ್ನ ಶುರುವನ್ನ 1792ಕ್ಕೆ ಲೆಕ್ಕ ಹಾಕುತ್ತೆ. ಈ ಶೈಲಿಯ ತಂಬಾಕುಗಳಲ್ಲಿ ಎನ್ನರ್‌ಡೇಲ್ ಫ್ಲೇಕ್ ಥರದವು ಟೊಂಕಾ, ಬಾದಾಮಿ, ಜೆರೇನಿಯಂ ಎಲ್ಲ ಸೇರಿ ಗಟ್ಟಿ ಘಮ, ಗ್ರೌಸ್‌ಮೂರ್ ಅದಕ್ಕಿಂತ ಹಗುರ, ನಿಂಬೆಹುಲ್ಲಿನ ಕಡೆಗೆ ವಾಲೋ ಹಸಿರು ವಾಸನೆ. ನಿಮ್ಮದು ಮೈಲ್ಡ್ ಬ್ಲೆಂಡ್ ಆಗಿರೋದ್ರಿಂದ ಸೋಪು ಬಂದು ಹೋಗಿದೆ ಅಷ್ಟೇ, ಅಲ್ಲೇ ತಳ ಊರಿಲ್ಲ.

ಈಗ ಒಂದು ಬೌಲ್‌ನ ನಿಧಾನಕ್ಕೆ ನೋಡೋಣ, ಮೈಲ್ಡ್ ಫ್ಲೋರಲ್ ಅಂದ್ರೆ ನಾನು ಏನನ್ನ ಗಮನಿಸ್ತೀನಿ ಅಂತ. ಚಿನ್ನದ ಬಣ್ಣದ ವರ್ಜೀನಿಯಾ ರಿಬ್ಬನ್ (ಸಣ್ಣ ಎಳೆಯಾಗಿ ಕತ್ತರಿಸಿದ ಎಲೆ), ಅದರ ನಡುವೆ ಅಲ್ಲಲ್ಲಿ ಕಪ್ಪು ಕ್ಯಾವೆಂಡಿಶ್ (ಹಬೆಯಲ್ಲಿ ಹದ ಮಾಡಿದ ಮೆದು ಎಲೆ) ತುಣುಕು, ಮೇಲೆ ಜೆರೇನಿಯಂ ಮತ್ತೆ ಟೊಂಕಾ ಟಾಪಿಂಗ್ ಅಂತ ಇಟ್ಕೊಳ್ಳಿ. ಟಿನ್‌ಗೆ ಮೂಗು ಇಟ್ಟ ತಕ್ಷಣ ಬರೋದು ಗುಲಾಬಿಗಿಂತ ಸ್ವಲ್ಪ ಹಸಿರಾದ, ಎಲೆ ಉಜ್ಜಿದಾಗ ಬರೋ ಥರದ ವಾಸನೆ. ಮೂಗು ತೆಗೆದು ಅರ್ಧ ನಿಮಿಷ ಬಿಟ್ಟು ಮತ್ತೆ ಇಟ್ರೆ ಅದರ ಅಡಿಯಲ್ಲಿ ಒಣಹುಲ್ಲು, ಬಾದಾಮಿ, ಅದು ಟೊಂಕಾ. ಇನ್ನೂ ಒಂದು ಸಲ ಇಟ್ರೆ ಒಣದ್ರಾಕ್ಷಿ, ಸ್ವಲ್ಪ ಹುಳಿ, ಅದು ಎಲೆಯದೇ ಸ್ವಂತ ವಾಸನೆ. ಈ ಮೂರನೇದು ಸಿಗದೇ ಇದ್ರೆ ನನಗೆ ಅನುಮಾನ ಶುರು. ಹಚ್ಚೋಕೆ ಮುಂಚೆ ಖಾಲಿ ಎಳೆದು ನೋಡಿ, ಬೆಂಕಿ ಇಲ್ಲದೇ ಗಾಳಿ ಮಾತ್ರ. ಎಷ್ಟೋ ಜನ ಬಿಟ್ಟುಬಿಡ್ತಾರೆ ಇದನ್ನ, ಆದ್ರೆ ಹೂವು ಅತ್ಯಂತ ಸ್ವಚ್ಛವಾಗಿ ಬಾಯಿಂದ ಮೂಗಿಗೆ ಬರೋದು ಈ ತಣ್ಣನೆ ಎಳೆತದಲ್ಲೇ, ಆಮೇಲೆ ಬೆಂಕಿ ಏನನ್ನ ಉಳಿಸ್ತು, ಏನನ್ನ ತಗೊಂಡೋಯ್ತು ಅಂತ ಹೋಲಿಸೋಕೆ ಇದೇ ಆಧಾರ.

ಮೊದಲನೇ ಬೆಂಕಿ ಬರೀ ಮೇಲ್ಪದರ ಸುಡೋಕೆ. ತಂಬಾಕು ಉಬ್ಬಿ ಮೇಲೆ ಬರುತ್ತೆ, ಟ್ಯಾಂಪರ್‌ನಲ್ಲಿ (ತಂಬಾಕು ಒತ್ತೋ ಸಣ್ಣ ಸಲಕರಣೆ) ಮೆಲ್ಲಗೆ ಸಮ ಮಾಡಿ ಎರಡನೇ ಸಲ ಹಚ್ಚಿ. ಈ ಸುಡೋ ಹೊತ್ತಿನ ರುಚೀನ ಬರೆದುಕೊಳ್ಳಬೇಡಿ, ಅದು ಸುಟ್ಟ ಕಾಗದ, ಬೆಂಕಿಕಡ್ಡಿ ಗಂಧಕ ಎಲ್ಲ ಬೆರೆತ ಸುಳ್ಳು ರುಚಿ. ಎರಡನೇ ಸಲ ಹಚ್ಚಿದ ಮೇಲೆ ಮೂರು ನಾಲ್ಕು ಪಫ್‌ಗೆ ಜೆರೇನಿಯಂ ಮೂಗಿಗೆ ಬರುತ್ತೆ, ನಾಲಿಗೆ ಮೇಲೆ ತೆಳು ಸಿಹಿ, ನಡುವೆ ಸೋಪಿನ ಸುಳಿವು. ಮೊದಲ ಮೂರನೇ ಒಂದು ಭಾಗ ಕಳೆಯೋ ಹೊತ್ತಿಗೆ ಹೂವು ಮುಂದಿನಿಂದ ಹಿಂದಕ್ಕೆ ಸರಿಯುತ್ತೆ, ಪ್ರತಿ ಪಫ್‌ನಲ್ಲೂ ಇರಲ್ಲ, ಪಫ್ ಮುಗಿದು ಬಾಯಿ ಖಾಲಿ ಆದ ಮೇಲೆ ಉಸಿರು ಬಿಡುವಾಗ ಕಾಣಿಸ್ಕೊಳ್ಳುತ್ತೆ. ಆ ಖಾಲಿ ಉಸಿರನ್ನ ಕಾಯೋದನ್ನ ಕಲೀರಿ. ನಡು ಭಾಗದಲ್ಲಿ ಟೊಂಕಾ ಮುಂದೆ ಬಂದು ವರ್ಜೀನಿಯಾದ ಬ್ರೆಡ್ ಥರದ ಸಿಹಿ ಜೊತೆ ಕೂಡ್ಕೊಳ್ಳುತ್ತೆ, ಕ್ಯಾವೆಂಡಿಶ್ ಹೊಗೆನ ಮೆತ್ತಗೆ ಮಾಡುತ್ತೆ, ನನಗೆ ಇಂಥ ಬ್ಲೆಂಡ್‌ಗಳಲ್ಲಿ ಅತ್ಯಂತ ಹಿಡಿಸೋ ಹೊತ್ತು ಇದು. ಹೂವು ನೇರವಾಗಿ ಇಲ್ಲ, ಆದ್ರೆ ಅದು ಇದ್ದು ಹೋದ ಕಾರಣಕ್ಕೆ ಎಲೆಯ ಸಿಹಿ ಬೇರೇನೇ ಅನ್ನಿಸುತ್ತೆ. ಕೊನೇ ಭಾಗದಲ್ಲಿ ಮೂಗಲ್ಲಿ ಸ್ವಲ್ಪ ಕರಿಮೆಣಸಿನ ಘಾಟು, ನಾಲಿಗೆ ಮೇಲೆ ಒಗರು. ತೇವ ತಳಕ್ಕೆ ಇಳಿದಿದ್ರೆ ಕಹಿ ಬರುತ್ತೆ, ಅಲ್ಲಿಗೆ ನಿಲ್ಲಿಸಿ. ಬೂದಿ ಆಗೋ ತನಕ ಸೇದಲೇಬೇಕು ಅನ್ನೋ ಹಟಕ್ಕೆ ಅರ್ಥ ಇಲ್ಲ, ತಳದಲ್ಲಿ ಸ್ವಲ್ಪ ಒದ್ದೆ ತಂಬಾಕು ಉಳಿದ್ರೆ ಅದನ್ನ ಬಿಸಾಕೋದೇ ಸರಿ.

ನಾಲಿಗೆ ಉರಿಗೆ ಬರೋಣ. ವರ್ಜೀನಿಯಾ ಎಲೇಲಿ ಸಕ್ಕರೆ ಅಂಶ ಸಾಮಾನ್ಯವಾಗಿ 10ರಿಂದ 25 ಪರ್ಸೆಂಟ್ ತನಕ ಇರುತ್ತೆ, ಬೇಗ ಬೇಗ ಎಳೆದ್ರೆ ಬಿಸಿ ಏರಿ ಕಚ್ಚುತ್ತೆ. ಅದರ ಮೇಲೆ ಅರೋಮ್ಯಾಟಿಕ್‌ಗಳಿಗೆ ಒಣಗದೇ ಇರ್ಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಹಾಕಿರ್ತಾರೆ, ಅದು ತೇವಾನ ಬಿಡಲ್ಲ, ಹಾಗಾಗಿ ಹಬೆ ಜಾಸ್ತಿ. ಹಬೆ ಸುಡೋದು ಒಣ ಹೊಗೆಗಿಂತ ಜೋರು. ಟಿನ್‌ನಿಂದ ತೆಗೆದ ತಂಬಾಕನ್ನ ಕಾಗದದ ಮೇಲೆ ಹರಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಬೆರಳಲ್ಲಿ ಹಿಸುಕಿ ಬಿಟ್ರೆ ಉಂಡೆ ಆಗಿ ನಿಲ್ಲಬಾರ್ದು, ನಿಧಾನಕ್ಕೆ ಬಿಚ್ಚಿಕೊಳ್ಬೇಕು, ಪುಡಿನೂ ಆಗಬಾರ್ದು. ಹೆಚ್ಚುಕಡಿಮೆ 12ರಿಂದ 14 ಪರ್ಸೆಂಟ್ ತೇವ ಸೇದೋಕೆ ಹದ ಅಂತಾರೆ, ಆದ್ರೆ ಕೈಗಿಂತ ಒಳ್ಳೆ ಮಾಪಕ ಬೇರೆ ಇಲ್ಲ. ಒಣಗಿಸಿದ್ರೆ ಹೂವೂ ಹಾರಿಹೋಗಲ್ವಾ ಅಂತ ಕೇಳ್ಬಹುದು. ಸ್ವಲ್ಪ ಹೋಗುತ್ತೆ, ಹೌದು. ಆದ್ರೆ ಒದ್ದೆ ತಂಬಾಕನ್ನ ಮತ್ತೆ ಮತ್ತೆ ಹಚ್ಚಿ, ಜೋರಾಗಿ ಎಳೆದು ಕಳ್ಕೊಳ್ಳೋದಕ್ಕಿಂತ ಇದು ಎಷ್ಟೋ ಕಮ್ಮಿ. ಗಂಟೆಗಟ್ಟಲೆ ಮಾತ್ರ ಬಿಡ್ಬೇಡಿ, ಇಂಗ್ಲಿಷ್ ಶೈಲಿಯ ಲಟಾಕಿಯಾ (ಹೊಗೆ ಹಾಕಿ ಹದ ಮಾಡಿದ ಎಲೆ) ಬ್ಲೆಂಡ್‌ಗೆ ಮಾಡೋ ಹಾಗೆ ಚೆನ್ನಾಗಿ ಒಣಗಿಸೋದು ಇದಕ್ಕೆ ಸಲ್ಲ. ತುಂಬೋವಾಗ ಕೆಳಗೆ ಸಡಿಲ, ಮೇಲೆ ಸ್ವಲ್ಪ ಬಿಗಿ, ಎಳೆದ್ರೆ ಸ್ಟ್ರಾದಲ್ಲಿ ನೀರು ಎಳೆದಷ್ಟೇ ತಡೆ ಇರ್ಲಿ. ವೇಗದ ಲೆಕ್ಕ ಹೇಳೋದಾದ್ರೆ ಬೌಲ್‌ನ ಹೊರಗೋಡೆ ಕೆನ್ನೆಗೆ ತಾಗಿಸಿದ್ರೆ ಬೆಚ್ಚಗೆ ಇರ್ಬೇಕು, ಸುಟ್ರೆ ಪೈಪ್ ಕೆಳಗಿಡಿ. ಆರಿಹೋದ್ರೆ ಹೋಗ್ಲಿ, ಮತ್ತೆ ಹಚ್ಚಿದ್ರಾಯ್ತು.

ರೂಮಿಗೆ ಬಂದವರಿಗೆ ಘಮ ಸಿಕ್ಕಿ ನಿಮಗೆ ಯಾಕೆ ಸಿಗಲಿಲ್ಲ ಅನ್ನೋದಕ್ಕೆ ಮುಖ್ಯ ಕಾರಣ ಮೂಗಿನ ದಣಿವು. ಒಂದೇ ವಾಸನೇಲಿ ಕೆಲವು ನಿಮಿಷ ಕೂತ್ರೆ ಮೂಗು ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬಿಟ್ಟುಬಿಡುತ್ತೆ, ಹೊರಗಿಂದ ಬಂದ ಮೂಗು ತಾಜಾ ಇರುತ್ತೆ. ಅಯನೋನ್ ಅಂತೂ ಇದಕ್ಕೆ ಹೆಸರುವಾಸಿ, ವಯೊಲೆಟ್ ವಾಸನೆ ಬಂದು, ಮಾಯವಾಗಿ, ಮತ್ತೆ ಬರೋದು ಹೂವಿನ ಆಟ ಅಲ್ಲ, ಮೂಗಿನದು. ಜೊತೆಗೆ ಗಾಳೀಲಿ ತೆಳುವಾಗಿ ಬೆರೆತಾಗ ಹೂವಿನ ವಾಸನೆಗಳು ಚೆಂದ, ಗಟ್ಟಿಯಾದಾಗ ಸೋಪು. ಬೌಲ್ ನಡುವೆ ಎದ್ದು ಎರಡು ನಿಮಿಷ ಬೇರೆ ಕೋಣೆಗೋ ಹೊರಗೋ ಹೋಗಿ, ನೀರು ಕುಡಿದು ಬನ್ನಿ, ಬಾಗಿಲಲ್ಲೇ ನಿಂತು ಮೂಸಿ. ನಿಮ್ಮ ತಂಬಾಕಿನ ರೂಮ್ ನೋಟ್, ಅಂದ್ರೆ ಕೋಣೇಲಿ ಹರಡಿದ ಘಮ, ನಿಮಗೇ ಸಿಗುತ್ತೆ. ರುಚಿ ನೋಡೋ ದಿನ ಸೆಂಟು, ಘಮದ ಹ್ಯಾಂಡ್‌ವಾಶ್ ಬೇಡ, ಬೆರಳಿನ ವಾಸನೆ ನೇರ ಪೈಪ್‌ಗೆ ಸೇರುತ್ತೆ.

ಆದ್ರೆ ಒಳ್ಳೆ ವಾಸನೆ ಅಂದ ಮಾತ್ರಕ್ಕೆ ಆ ಹೊಗೆ ಅವರಿಗೆ ಒಳ್ಳೇದಲ್ಲ, ಇದನ್ನ ಒತ್ತಿ ಹೇಳ್ಬೇಕು. ಮೈಲ್ಡ್ ಅಂದ್ರೆ ನಿಕೋಟಿನ್ ಕಮ್ಮಿ, ರುಚಿ ಮೃದು ಅಂತ ಅಷ್ಟೇ, ಹಾನಿ ಕಮ್ಮಿ ಅಂತ ಅಲ್ಲ. ಎದೆಗೆ ಎಳ್ಕೊಳ್ಳದಿದ್ರೂ ಬಾಯಿಯ ಒಳಪದರದ ಮೂಲಕ ನಿಕೋಟಿನ್ ರಕ್ತಕ್ಕೆ ಸೇರುತ್ತೆ, ಚಟ ಹಿಡಿಯುತ್ತೆ, ಪೈಪ್ ಸೇದೋದ್ರಿಂದ ತುಟಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಏರುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಪಕ್ಕದಲ್ಲಿ ಕೂತವರು ಉಸಿರಾಡೋದೂ ಅದೇ ಹೊಗೆ. ಮಕ್ಕಳು, ಗರ್ಭಿಣಿಯರು, ಉಸಿರಾಟದ ತೊಂದರೆ ಇರೋರು ಇರೋ ಮನೆ ಒಳಗೆ ಹಚ್ಚಲೇಬೇಡಿ, ಕಿಟಕಿ ತೆಗೆದ್ರೆ ಸಾಕು ಅನ್ನೋದು ಸರಿಯಲ್ಲ. ಬಾಯಲ್ಲಿ ವಾಸಿಯಾಗದ ಹುಣ್ಣೋ ಬಿಳಿ ಕಲೆಯೋ ಕಂಡ್ರೆ ರುಚಿ ಪರೀಕ್ಷೆ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ. ತಂಬಾಕು ಸೇದದೇ ಇರೋರು ಇದನ್ನ ಓದ್ತಾ ಇದ್ರೆ ಹೂವಿನ ಆಸೆಗೆ ಶುರು ಮಾಡೋದು ಖಂಡಿತ ಬೇಡ.

ಬರೆದಿಡೋ ವಿಚಾರಕ್ಕೆ ಬಂದ್ರೆ, ಅಂಕ ಕೊಡೋದು, ನಕ್ಷತ್ರ ಹಾಕೋದು ಬಿಡಿ. ಟಿನ್, ತಣ್ಣನೆ ಎಳೆತ, ಮೊದಲ ಭಾಗ, ನಡು, ಕೊನೆ, ರೂಮು ಅಂತ ಬೇರೆ ಬೇರೆ ಬರೀರಿ, ಮೂಗಿಗೆ ಬಂದಿದ್ದು ಯಾವುದು ನಾಲಿಗೆಗೆ ಬಂದಿದ್ದು ಯಾವುದು ಅಂತ ಬಿಡಿಸಿ ಬರೀರಿ. ಫ್ಲೋರಲ್ ಅಂತ ಒಂದೇ ಮಾತು ಹಾಕಿದ್ರೆ ತಿಂಗಳಾದ್ಮೇಲೆ ಓದಿದಾಗ ನಿಮಗೇ ಏನೂ ಹೊಳೆಯಲ್ಲ. ಹಸಿ ಹೂವಾ, ಬಾಡಿದ ಹೂವಾ, ಹೂವಿನ ಪೌಡರಾ, ಗುಲಾಬಿ ಕಡೆಗಾ ಲ್ಯಾವೆಂಡರ್ ಕಡೆಗಾ, ಜೇನು ಇದ್ಯಾ, ನಿಂಬೆ ಇದ್ಯಾ. ಟಿನ್ ಮೇಲೆ ಬರೆದಿರೋ ವರ್ಣನೆ ಓದೋದು ಕೊನೇಗೆ, ಮೊದಲೇ ಓದಿದ್ರೆ ಅದರಲ್ಲಿ ಬರೆದಿದ್ದೆಲ್ಲ ಸಿಕ್ಕಿಬಿಡುತ್ತೆ. ಒಂದು ಬೌಲ್‌ನಿಂದ ತೀರ್ಪು ಬೇಡ, ಬೇರೆ ಬೇರೆ ದಿನ, ಬೇರೆ ಹೊತ್ತಲ್ಲಿ ನೋಡಿ, ಹೊಟ್ಟೆ ಖಾಲಿ ಇರೋವಾಗ ಮಾತ್ರ ಬೇಡ, ತಲೆ ಸುತ್ತುತ್ತೆ.

ಪೈಪ್ ಯಾವುದು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಬ್ರೈಯರ್ ಮರದ ಬೌಲ್ ಹಿಂದಿನ ತಂಬಾಕಿನ ನೆನಪು ಇಟ್ಕೊಳ್ಳುತ್ತೆ, ಲಟಾಕಿಯಾ ಸೇದಿದ ಪೈಪ್‌ನಲ್ಲಿ ಮೈಲ್ಡ್ ಹೂವು ಹಾಕಿದ್ರೆ ಹೊಗೆಗೂಡಿನ ವಾಸನೆ ಬಿಟ್ಟು ಇನ್ನೇನೂ ಬರಲ್ಲ. ಅದೇ ರೀತಿ ಹೂವಿನ ಟಾಪಿಂಗ್ ಕೂಡ ಪೈಪ್‌ನಲ್ಲಿ ಉಳ್ಕೊಂಡು ಮುಂದಿನ ತಂಬಾಕನ್ನ ಕಾಡುತ್ತೆ, ಅದಕ್ಕೇ ಈ ಜಾತಿಗೆ ಒಂದು ಪೈಪ್ ಬೇರೆ ಇಡಿ. ರುಚಿ ಪರೀಕ್ಷೆಗೆ ಅಂತಲೇ ಆದ್ರೆ ಮಣ್ಣಿನ ಪೈಪ್ ಅತ್ಯುತ್ತಮ, ತನ್ನದೇನೂ ಸೇರಿಸಲ್ಲ, ಬೇಗ ಬಿಸಿ ಆಗೋದ್ರಿಂದ ನಿಧಾನಕ್ಕೆ ಸೇದೋದನ್ನೂ ಕಲಿಸುತ್ತೆ. ಜೋಳದ ದಿಂಡಿನ ಪೈಪ್ ಕೂಡ ಆಗುತ್ತೆ, ಅದರ ಸ್ವಂತ ಸಿಹಿ ಹೋಗೋ ತನಕ ಮೊದಲ ಕೆಲವು ಬೌಲ್ ಬಿಟ್ಟು ಲೆಕ್ಕ ಹಾಕಿ. ಸೇದಿ ಮುಗಿದ ಕೂಡ್ಲೇ ಪೈಪ್ ಕ್ಲೀನರ್ ಹಾಯಿಸಿ, ಗ್ಲೈಕಾಲ್ ಇರೋ ತಂಬಾಕು ಕೊಳವೇಲಿ ಅಂಟು ಬಿಡುತ್ತೆ, ಅದು ಹಳಸಿದ್ರೆ ಮುಂದಿನ ಬೌಲ್ ಕಹಿ.

ತೆರೆದ ಟಿನ್‌ನ ಹಾಗೇ ಬಿಡ್ಬೇಡಿ, ಬಿಗಿ ಮುಚ್ಚಳದ ಗಾಜಿನ ಜಾಡಿಗೆ ಹಾಕಿ ಬೆಳಕು ಬೀಳದ ಕಡೆ ಇಡಿ, ಜಾಡಿ ಆದಷ್ಟು ತುಂಬಿರ್ಲಿ. ಬರೀ ವರ್ಜೀನಿಯಾ ಆದ್ರೆ ವರ್ಷಗಟ್ಟಲೆ ಇಟ್ಟಷ್ಟೂ ಮಾಗುತ್ತೆ, ಟಾಪಿಂಗ್ ಹಾಗಲ್ಲ, ಕಾಲ ಹೋದ ಹಾಗೆ ಹೂವು ತೆಳುವಾಗ್ತಾ ಹೋಗುತ್ತೆ. ನಿಮ್ಮ ಟಿನ್‌ನಲ್ಲಿ ಉಳಿದಿರೋದನ್ನ ಒಣಗಿಸಿ, ಬೇರೆ ವಾಸನೆ ಇಲ್ಲದ ಸಣ್ಣ ಬೌಲ್‌ನಲ್ಲಿ, ಈಗ ಸೇದ್ತಾ ಇರೋದಕ್ಕಿಂತ ಅರ್ಧ ವೇಗದಲ್ಲಿ ನೋಡಿ. ಹೂವು ಹಿಂದೆ ಸರಿದ ಮೇಲೆ ಒಣಹುಲ್ಲು, ಬ್ರೆಡ್ ಥರದ ಎಲೆಯ ಸಿಹಿ ಸಿಕ್ಕಿದ್ರೆ ಒಳ್ಳೆ ಬ್ಲೆಂಡ್ ನಿಮ್ಮ ಕೈಯಲ್ಲಿದೆ. ಏನೂ ಸಿಗದೇ ಬಿಸಿ ಗಾಳಿ ಮಾತ್ರ ಬಂದ್ರೆ ಅದನ್ನ ಅಲ್ಲಿಗೇ ಬಿಡಿ, ಮತ್ತೆ ತಗೊಳ್ಳೋದಾದ್ರೆ ಹೆಸರಿನ ಪಕ್ಕದಲ್ಲಿ ಹೂವಿಗಿಂತ ಮೊದಲು ಎಲೆಯ ಹೆಸರು ಹೇಳೋ ಬ್ಲೆಂಡ್ ನೋಡಿ.